ದೇಹಬಿಂಬ ಮತ್ತು ಖಿನ್ನತೆ: ಹಾರ್ಮೋನ್ ತೊಂದರೆಗಳಲ್ಲಿ
ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್), ಥೈರಾಯ್ಡ್ ಕೊರತೆಯಂಥ ತೊಂದರೆಗಳು ಮೈತೂಕ, ಕೂದಲು, ಚರ್ಮವನ್ನು ಬದಲಿಸಿದಾಗ ತನ್ನ ರೂಪವೇ ತನಗೆ ಪರಕೀಯವೆನಿಸಿ ಮನಸ್ಸು ಕುಸಿಯಬಹುದು. ಇದನ್ನು ಬರಿಯ ಅಂದಚೆಂದದ ಚಿಂತೆ ಎನ್ನುವುದು ತಪ್ಪು: ಅಷ್ಟೇ ತೂಕದ ಇತರರೊಡನೆ ಹೋಲಿಸಿದಾಗಲೂ ಪಿಸಿಓಎಸ್ ಇರುವವರಲ್ಲಿ ಖಿನ್ನತೆ ಹೆಚ್ಚು ಕಂಡಿದೆ. ಹಾರ್ಮೋನ್ ಸರಿಯಾದರೆ ಮನಸ್ಸೂ ಸರಿಹೋದೀತೆಂಬ ವಾದ ಅರ್ಧ ನಿಜ. ಥೈರಾಯ್ಡ್ ಮಾತ್ರೆಯಿಂದಲೇ ಹಲವರ ಮಂಕು ಕರಗುತ್ತದೆ. ಆದರೆ ಪಿಸಿಓಎಸ್‌ನಿಂದ ಬೆಳೆದ ಮುಖದ ಕೂದಲು ತಗ್ಗಲು ಔಷಧಿಗೆ ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕನ್ನಡಿಯಾಗಲಿ, ಹೆಣ್ಣು ನೋಡಲು ಬಂದವರ ಕಣ್ಣಾಗಲಿ ಕಾಯುವುದಿಲ್ಲ. 2023ರ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿಯೂ ಎಲ್ಲ ವಯಸ್ಕ ರೋಗಿಗಳಲ್ಲೂ ಖಿನ್ನತೆಯ ತಪಾಸಣೆ ಬಯಸುತ್ತದೆ. ನೆರವಿಗೆ ಹೋಗೋಣವೆಂದರೆ, ಬೆಂಗಳೂರಿನಲ್ಲೇ ಮಾಗಡಿ ರಸ್ತೆ ಬದಿಯ ಬ್ಯಾಡರಹಳ್ಳಿಯವರಿಗೆ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ದೂರ. ಅಂಥವರು 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.