ಕೋಣನಕುಂಟೆಯ ಬಾಗಿಲಲ್ಲಿ ಕಾದ ಕಮಾಂಡೊಗಳು

ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಇಳಿಯುವವರಿಗೆ ಇಂದು ಕಾಣುವುದು ಬಹುಮಹಡಿ ಕಟ್ಟಡಗಳು ಮತ್ತು ಮುಗಿಯದ ವಾಹನಗಳ ಸಾಲು. 1991ರಲ್ಲಿ ಇದು ಬೆಂಗಳೂರಿನ ಅಂಚಿನ ಹಳ್ಳಿ. ಹೊಸದಾಗಿ ಎದ್ದ ಮನೆಗಳ ನಡುವೆ ಖಾಲಿ ನಿವೇಶನಗಳಿದ್ದವು. ಆ ವರ್ಷ ಆಗಸ್ಟ್ 20ರ ಬೆಳಿಗ್ಗೆ ಅಲ್ಲಿನ ಒಂದು ಸಾಧಾರಣ ಮನೆಗೆ ಕಪ್ಪು ಉಡುಪಿನ ಕಮಾಂಡೊಗಳು ನುಗ್ಗಿದರು. ಒಳಗಿನಿಂದ ಪ್ರತಿರೋಧ ಬರಲಿಲ್ಲ. ಅಲ್ಲಿ ಉಳಿದಿದ್ದುದು ಏಳು ಶವಗಳು ಮಾತ್ರ.

ಮಾಜಿ ಪ್ರಧಾನಿ ರಾಜೀವ್ ಗಾಂಧಿ ಅವರ ಹತ್ಯೆಯ ಸೂತ್ರಧಾರ, ಎಲ್‌ಟಿಟಿಇಯ ಒಕ್ಕಣ್ಣ ಶಿವರಾಸನ್ ಆ ಏಳು ಮಂದಿಯಲ್ಲಿ ಒಬ್ಬ. ಇನ್ನೊಬ್ಬಳು ಅವನ ಸಹಚರಿ ಶುಭಾ. ಅಂದು ರಾಜೀವ್ ಅವರ ಜನ್ಮದಿನ ಎಂಬುದು ಕಾಕತಾಳೀಯ. ಮೇ 21ರಂದು ಶ್ರೀಪೆರಂಬದೂರಿನಲ್ಲಿ ಬಾಂಬ್ ಸಿಡಿದ ದಿನದಿಂದ ಮೂರು ತಿಂಗಳು ನಡೆದ ಬೇಟೆ ಅಲ್ಲಿಗೆ ಮುಗಿಯಿತು. ಆದರೆ ಬೇಟೆಗೆ ಹೊರಟವರಿಗೆ ಬೇಕಾಗಿದ್ದುದು ಶಿವರಾಸನ್‌ನ ಶವವಲ್ಲ, ಅವನ ಬಾಯಿಯಿಂದ ಬರಬೇಕಾಗಿದ್ದ ಮಾತು.

ಕೋಣನಕುಂಟೆಗೆ ಬಂದಿದ್ದವರು ರಾಷ್ಟ್ರೀಯ ಭದ್ರತಾ ಪಡೆ, ಅಂದರೆ ಎನ್‌ಎಸ್‌ಜಿಯ ಕಮಾಂಡೊಗಳು. ಕಪ್ಪು ಉಡುಪಿನಿಂದಾಗಿ ‘ಬ್ಲ್ಯಾಕ್ ಕ್ಯಾಟ್’ ಎಂದೇ ಜನಜನಿತರಾದವರು. ವೈಜ್ಞಾನಿಕ ಕಥೆಗಳಲ್ಲಿ, ಇಂಗ್ಲಿಷ್ ಸಿನಿಮಾಗಳಲ್ಲಿ ಬರುವ ರಹಸ್ಯ ಪಡೆಗಳು ಕತ್ತಲಲ್ಲಿ ಇಳಿದು, ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ ಮಾಯವಾಗುತ್ತವೆ. ನಿಜವಾದ ಕಮಾಂಡೊ ಪಡೆಯ ಚರಿತ್ರೆಯಲ್ಲಿ ನುಗ್ಗಿದ ನಿಮಿಷಗಳಿಗಿಂತ ಕಾದ ಗಂಟೆಗಳೇ ಹೆಚ್ಚು.

‘ಕಮಾಂಡೊ’ ಎಂಬ ಶಬ್ದ ದಕ್ಷಿಣ ಆಫ್ರಿಕದ್ದು. ಡಚ್ ಮೂಲದ ಬೋಯರ್ ರೈತರು 1899ರಿಂದ 1902ರವರೆಗೆ ಕುದುರೆ ಏರಿ, ಸಣ್ಣ ಸಣ್ಣ ತಂಡಗಳಾಗಿ ಬ್ರಿಟಿಷ್ ಸೇನೆಯನ್ನು ಕಾಡಿದರು. ಆ ತಂಡಗಳ ಹೆಸರೇ ಕಮಾಂಡೊ. ಆ ಯುದ್ಧಕ್ಕೆ ಪತ್ರಿಕಾ ವರದಿಗಾರನಾಗಿ ಹೋಗಿ ಬೋಯರ್‌ಗಳ ಕೈಗೆ ಸಿಕ್ಕಿಬಿದ್ದವರಲ್ಲಿ ಚರ್ಚಿಲ್ ಒಬ್ಬರು. ಅವರು ಪ್ರಧಾನಿಯಾದ 1940ರಲ್ಲಿ ಬ್ರಿಟನ್ ಕಟ್ಟಿದ ದಾಳಿ ಪಡೆಗಳಿಗೆ ಇದೇ ಹೆಸರು ಬಂತು. ಮರುವರ್ಷ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಡೇವಿಡ್ ಸ್ಟರ್ಲಿಂಗ್ ಎಂಬ ಅಧಿಕಾರಿ ಎಸ್‌ಎಎಸ್ ಪಡೆಯನ್ನು ಹುಟ್ಟುಹಾಕಿದರು.

ಇವೆಲ್ಲ ಯುದ್ಧಕಾಲದ ಪಡೆಗಳು. ಶಾಂತಿಕಾಲದಲ್ಲಿ, ಊರಿನ ನಡುವೆ, ಒತ್ತೆಯಾಳುಗಳನ್ನು ಬಿಡಿಸಲೆಂದೇ ಪಡೆ ಬೇಕು ಎಂಬ ಅರಿವು ಮೂಡಿಸಿದ್ದು 1972ರ ಮ್ಯೂನಿಕ್ ಒಲಿಂಪಿಕ್ಸ್. ಅಲ್ಲಿ ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು ಹಾಗೂ ತರಬೇತುದಾರರು ಸತ್ತರು. ಜರ್ಮನ್ ಪೊಲೀಸರ ಬಿಡುಗಡೆ ಯತ್ನ ಸಂಪೂರ್ಣ ವಿಫಲವಾಗಿತ್ತು. ಅದರ ಬೆನ್ನಿಗೇ ಜರ್ಮನಿ ಜಿಎಸ್‌ಜಿ-9 ಪಡೆಯನ್ನು ಕಟ್ಟಿತು. 1977ರಲ್ಲಿ ಆ ಪಡೆ ಸೊಮಾಲಿಯಾದ ಮೊಗದಿಶುವಿನಲ್ಲಿ ಅಪಹೃತ ವಿಮಾನದಿಂದ ಒತ್ತೆಯಾಳುಗಳನ್ನು ಬಿಡಿಸಿತು. ಭಾರತಕ್ಕೆ ಇಂಥದೇ ಪಾಠ ಕಲಿಸಿದ್ದು 1984ರ ಜೂನ್‌ನ ಆಪರೇಷನ್ ಬ್ಲೂಸ್ಟಾರ್. ಸ್ವರ್ಣಮಂದಿರಕ್ಕೆ ಸೇನೆ ಟ್ಯಾಂಕ್‌ಗಳೊಂದಿಗೆ ನುಗ್ಗಿದ್ದರ ಬೆಲೆಯನ್ನು ದೇಶ ಇನ್ನೂ ಮರೆತಿಲ್ಲ. ಅದೇ ವರ್ಷ ಹೊಸ ಪಡೆಯೊಂದನ್ನು ಕಟ್ಟುವ ನಿರ್ಧಾರವಾಯಿತು. 1986ರಲ್ಲಿ ಸಂಸತ್ತು ಎನ್‌ಎಸ್‌ಜಿ ಕಾಯ್ದೆಯನ್ನು ಅಂಗೀಕರಿಸಿತು.

ದೆಹಲಿಗೆ ಸಮೀಪದ, ಹರಿಯಾಣದ ಮಾನೇಸರದಲ್ಲಿ ಈ ಪಡೆಯ ನೆಲೆ. ದಾಳಿ ಮಾಡುವ ವಿಶೇಷ ಕಾರ್ಯಾಚರಣೆ ತಂಡದಲ್ಲಿರುವವರು ಸೇನೆಯಿಂದ ಎರವಲಾಗಿ ಬಂದವರು. ಕೆಲವು ವರ್ಷ ಇಲ್ಲಿದ್ದು ತಮ್ಮ ರೆಜಿಮೆಂಟಿಗೆ ಮರಳುತ್ತಾರೆ. ಸೇವೆಯಲ್ಲಿರುವಾಗ ಅವರ ಹೆಸರು, ಮುಖ ಹೊರಗೆ ಕಾಣುವುದಿಲ್ಲ. ಈ ಗೋಪ್ಯತೆ ಬರಿಯ ಬಿಂಕವಲ್ಲ, ಅದು ಕಸುಬಿನ ಅಗತ್ಯ. ಎದುರಾಳಿಗೆ ಪಡೆ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಕೆಟ್ಟಂತೆ.

ಈ ಕಸುಬಿನಲ್ಲಿ ಅತ್ಯಂತ ಅಪಾಯದ ಜಾಗ ಬಾಗಿಲು. ಅದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ, ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ನೆನೆದರೆ ಸಾಕು. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ನುಸುಳಬೇಕಾದವರಿಗೆ, ಒಳಗೆ ಒನಕೆ ಹಿಡಿದು ನಿಂತ ಒಬ್ಬ ಹೆಂಗಸೇ ಸಾಕಾದಳು. ಆದ್ದರಿಂದಲೇ ಕಮಾಂಡೊಗಳು ಒಂದೇ ಬಾಗಿಲನ್ನು ನಂಬುವುದಿಲ್ಲ. ಕಿಟಕಿ, ಛಾವಣಿ, ಗೋಡೆ, ಎಲ್ಲೆಡೆಯಿಂದ ಏಕಕಾಲಕ್ಕೆ ನುಗ್ಗುತ್ತಾರೆ. ಅದಕ್ಕೆ ಮುನ್ನ ಕಣ್ಣು ಕೋರೈಸಿ ಕಿವಿಗಡಚಿಕ್ಕುವ ಸ್ಟನ್ ಗ್ರೆನೇಡ್ ಎಸೆಯುತ್ತಾರೆ. ಒಳಗಿನವರು ಚೇತರಿಸಿಕೊಳ್ಳಲು ಬೇಕಾಗುವ ಕೆಲವು ಸೆಕೆಂಡುಗಳೇ ಇವರ ಬಂಡವಾಳ. ಆ ಕೆಲವು ಸೆಕೆಂಡುಗಳಿಗಾಗಿ ವರ್ಷಗಟ್ಟಲೆ ತಾಲೀಮು ನಡೆಯುತ್ತದೆ.

ಹಾಗಾದರೆ ಕಾಯುವುದು ತಪ್ಪೇ? 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಯನ್ನು ಬಂದೂಕುಧಾರಿಗಳು ಹಿಡಿದಾಗ ಎಸ್‌ಎಎಸ್ ಆರನೆಯ ದಿನದವರೆಗೆ ಕಾದಿತ್ತು. ಒತ್ತೆಯಾಳೊಬ್ಬನನ್ನು ಕೊಂದು ಹೊರಗೆಸೆದಾಗಲಷ್ಟೇ ನುಗ್ಗಿತು. 1988ರ ಮೇ ತಿಂಗಳಲ್ಲಿ ಸ್ವರ್ಣಮಂದಿರದಲ್ಲಿ ಮತ್ತೆ ಉಗ್ರರು ಸೇರಿಕೊಂಡಾಗ ಎನ್‌ಎಸ್‌ಜಿ ಮಾಡಿದ್ದೂ ಇದನ್ನೇ. ಆಪರೇಷನ್ ಬ್ಲ್ಯಾಕ್ ಥಂಡರ್ ಎಂದು ಹೆಸರಾದ ಆ ಕಾರ್ಯಾಚರಣೆಯಲ್ಲಿ ದೂರದಿಂದ ಗುರಿಯಿಡುವ ಸ್ನೈಪರ್‌ಗಳು ದಿನಗಟ್ಟಲೆ ಹೊಂಚು ಹಾಕಿ ಕುಳಿತರು. ಬಿರುಬೇಸಿಗೆಯಲ್ಲಿ ಒಳಗಿದ್ದವರು ನೀರಿಗೆ ಪರದಾಡಿ, ಕೊನೆಗೆ ಸುಮಾರು 200 ಮಂದಿ ಕೈ ಮೇಲೆತ್ತಿ ಹೊರಬಂದರು. ಮಂದಿರಕ್ಕೆ ಬ್ಲೂಸ್ಟಾರ್‌ನಂಥ ಧಕ್ಕೆ ಆಗಲಿಲ್ಲ. ಅಮೃತಸರದಲ್ಲಿ ಕಾಲ ಹೊರಗಿದ್ದವರ ಪರವಾಗಿತ್ತು.

ಮೂರು ವರ್ಷಗಳ ನಂತರ ಕೋಣನಕುಂಟೆಯಲ್ಲಿ ಕಾಲ ಯಾರ ಪರವಾಗಿತ್ತು ಎಂಬುದೇ ಪ್ರಶ್ನೆ.

ಶಿವರಾಸನ್ ಬೆಂಗಳೂರನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ತಮಿಳುನಾಡಿನಲ್ಲಿ ಗೋಡೆಗೋಡೆಗೂ ಅವನ ಚಿತ್ರ ಅಂಟಿಸಲಾಗಿತ್ತು. ಬೆಂಗಳೂರಿನ ಹೊರವಲಯದಲ್ಲಾದರೋ ಪರಊರಿನವರು ಬಾಡಿಗೆಗೆ ಬರುವುದು, ಹೋಗುವುದು ನಿತ್ಯದ ಸಂಗತಿ. ಪೀಣ್ಯದಿಂದ ಹೊಸೂರು ರಸ್ತೆಯವರೆಗೆ ಕಾರ್ಖಾನೆಗಳು, ಲೇತ್ ಇಟ್ಟ ಸಣ್ಣ ಶೆಡ್‌ಗಳು. ಪಕ್ಕದ ಮನೆಯವರು ಯಾರೆಂದು ಕೇಳುವ ಹಳ್ಳಿಯ ಅಭ್ಯಾಸ ಅಳಿಯುತ್ತಿತ್ತು. ತಂಡಕ್ಕೆ ಕೋಣನಕುಂಟೆಯಲ್ಲಿ ನೆಲೆ ಒದಗಿಸಿದ್ದವನೂ ಸಣ್ಣ ವರ್ಕ್‌ಷಾಪ್ ನಡೆಸುತ್ತಿದ್ದವನೇ.

ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡಕ್ಕೆ ಈ ಮನೆಯ ಸುಳಿವು ಸಿಕ್ಕಿದ್ದು ಆಗಸ್ಟ್ 18ರಂದು. ರಾತ್ರಿಯ ಹೊತ್ತಿಗೆ ಮನೆಯ ಮೇಲೆ ಕಣ್ಗಾವಲು ಬಿತ್ತು. ಆದರೆ ಒಳನುಗ್ಗಲು ಆದೇಶ ಬರಲಿಲ್ಲ. ದೆಹಲಿಯಿಂದ ಹಿರಿಯ ಅಧಿಕಾರಿಗಳು ಬರಬೇಕಿತ್ತು. ಸಯನೈಡ್‌ಗೆ ಪ್ರತಿವಿಷವೂ ಬೇಕಿತ್ತು. 19ರ ಸಂಜೆ ಮನೆಯೊಳಗಿನಿಂದ ಗುಂಡು ಹಾರಿತು; ಚಕಮಕಿ ನಡೆಯಿತು. ಸುತ್ತುವರಿದಿದ್ದಾರೆ ಎಂಬುದು ಒಳಗಿದ್ದವರಿಗೆ ಖಚಿತವಾದ ಮೇಲೆ ಅನಿರೀಕ್ಷಿತತೆ ಎಂಬ ಅಸ್ತ್ರ ಕಮಾಂಡೊಗಳ ಕೈಯಲ್ಲಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವರು ಒಳಹೊಕ್ಕಾಗ ಉಳಿದವರು ಸಯನೈಡ್ ನುಂಗಿದ್ದರು, ಶಿವರಾಸನ್ ತನ್ನ ತಲೆಗೆ ಗುಂಡು ಹೊಡೆದುಕೊಂಡಿದ್ದ.

ಈ ವಿಳಂಬದ ಬಗ್ಗೆ ಅಂದಿನಿಂದಲೂ ಟೀಕೆ ನಡೆದೇ ಇದೆ. ಕಾರ್ಯಾಚರಣೆಯಲ್ಲಿದ್ದ ಕಮಾಂಡೊ ಅಧಿಕಾರಿ ಮೇಜರ್ ರವಿ ಮುಂದೆ ಮಲಯಾಳಂ ಚಿತ್ರ ನಿರ್ದೇಶಕರಾಗಿ, 2007ರಲ್ಲಿ ‘ಮಿಷನ್ 90 ಡೇಸ್’ ತೆಗೆದರು. ಅದಕ್ಕೂ ಒಂದು ವರ್ಷ ಮೊದಲೇ ಕನ್ನಡದಲ್ಲಿ ಎ.ಎಂ.ಆರ್. ರಮೇಶ್ ಅವರ ‘ಸೈನೈಡ್’ ಬಂದಿತ್ತು. ಒಂದು ಮನೆಯೊಳಗಿನ ಕೆಲವು ದಿನಗಳ ಉಸಿರುಗಟ್ಟುವ ಕಥೆಯನ್ನು ಪ್ರೇಕ್ಷಕರು ಮೆಚ್ಚಿದರು.

ಟೀಕೆಯಲ್ಲಿ ಹುರುಳಿದೆ. ಆದರೂ ಒಂದು ಮಾತು ಹೇಳಲೇಬೇಕು. ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ಪ್ರತಿವಿಷ ಕೊಡಲು ಸಿಗುವುದು ಬೆರಳೆಣಿಕೆಯ ನಿಮಿಷ. ಕೋಣನಕುಂಟೆಗೆ ಮೊದಲೇ ಕೊಯಮತ್ತೂರಿನಲ್ಲಿ, ನಮ್ಮ ಮುತ್ತತ್ತಿಯಲ್ಲಿ ಪೊಲೀಸರು ಸಮೀಪಿಸಿದಾಗ ಎಲ್‌ಟಿಟಿಇಯವರು ಕ್ಯಾಪ್ಸೂಲ್ ಕಚ್ಚಿದ್ದರು. ಕಮಾಂಡೊ ಪಡೆಗಳ ವಿದ್ಯೆಯೆಲ್ಲ ಕೊಲೆಗಾರರ ಕೈಯಿಂದ ಅಮಾಯಕರನ್ನು ಬಿಡಿಸುವುದಕ್ಕೆ ರೂಪಿಸಿದ್ದು. ಇಲ್ಲಿ ಒತ್ತೆಯಾಳುಗಳೇ ಇರಲಿಲ್ಲ. ಕೊಲೆಗಾರರನ್ನು ಅವರ ಕೈಯಿಂದಲೇ ಬದುಕಿಸಬೇಕಾಗಿತ್ತು. 18ರ ರಾತ್ರಿಯೇ, ಮನೆಯವರು ನಿದ್ದೆಯಲ್ಲಿದ್ದಾಗ ನುಗ್ಗಿದ್ದರೆ ಒಬ್ಬರಾದರೂ ಜೀವಂತ ಸಿಗುವ ಅವಕಾಶ ಇತ್ತು. ಅದು ಖಾತ್ರಿಯಲ್ಲ, ಅವಕಾಶ ಮಾತ್ರ. ಅಮೃತಸರದಲ್ಲಿ ಕಾಯುವಿಕೆ ಒಳಗಿದ್ದವರ ನೀರನ್ನು ಕರಗಿಸಿತ್ತು, ಕೋಣನಕುಂಟೆಯಲ್ಲಿ ಕರಗಿದ್ದು ಆ ಅವಕಾಶ.

ಆದೇಶದ ವಿಳಂಬ 1991ರದಾದರೆ ದೂರದ ವಿಳಂಬ 2008ರದು. ಆ ವರ್ಷ ನವೆಂಬರ್ 26ರ ರಾತ್ರಿ ಸುಮಾರು ಒಂಬತ್ತೂವರೆಗೆ ಮುಂಬೈ ಮೇಲೆ ದಾಳಿ ಆರಂಭವಾಯಿತು. ಮಾನೇಸರದ ಕಮಾಂಡೊಗಳನ್ನು ಒಯ್ಯಬೇಕಾದ ದೊಡ್ಡ ವಿಮಾನ ಚಂಡೀಗಡದಿಂದ ದೆಹಲಿಗೆ ಬರಬೇಕಾಯಿತು. ಪಡೆ ಮುಂಬೈ ಮುಟ್ಟಿದಾಗ ಬೆಳಗಿನ ಜಾವ. ತಾಜ್ ಹೋಟೆಲಿನಲ್ಲಿ 28ರಂದು ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಓದಿ ಬೆಳೆದವರು, ನಿವೃತ್ತ ಇಸ್ರೊ ಅಧಿಕಾರಿಯ ಮಗ. ಗಾಯಗೊಂಡ ಸಂಗಡಿಗನನ್ನು ಸುರಕ್ಷಿತವಾಗಿ ಕಳುಹಿಸಿ, ಉಗ್ರರನ್ನು ಒಬ್ಬರೇ ಬೆನ್ನಟ್ಟಿ ಹೋಗಿದ್ದರು. ಬದುಕಿರುವಾಗ ಗುಟ್ಟಾಗಿದ್ದ ಮುಖ ಮರಣಾನಂತರ ಊರಿನ ವೃತ್ತಗಳಲ್ಲಿ ಫಲಕವಾಯಿತು. ಯಲಹಂಕದಲ್ಲಿ ರಸ್ತೆಯೊಂದಕ್ಕೆ ಅವರ ಹೆಸರಿದೆ.

2009ರಲ್ಲಿ ಎನ್‌ಎಸ್‌ಜಿಗೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಪ್ರಾದೇಶಿಕ ನೆಲೆಗಳಾದವು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಹಾಗೆಂದು ಬೆಂಗಳೂರಿಗೆ ಬೆದರಿಕೆ ಹೊಸದೇನಲ್ಲ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡು ಹಾರಿ ಪ್ರೊ. ಎಂ.ಸಿ. ಪುರಿ ಮೃತಪಟ್ಟಿದ್ದರು. 2008ರ ಜುಲೈ 25ರಂದು ನಗರದಲ್ಲಿ ಸರಣಿ ಬಾಂಬ್‌ಗಳು ಸಿಡಿದು, ಮಡಿವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಹಿಳೆ ಬಲಿಯಾಗಿದ್ದರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸಾವಿರಾರು ನೌಕರರು ದಿನವೂ ಹಾದುಹೋಗುವ ದಾರಿ ಅದು. 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಖಾಸಗಿ ಸಂಸ್ಥೆಗಳಿಗೂ ಸಿಐಎಸ್‌ಎಫ್ ಕಾವಲು ಕೊಡಲು ಅವಕಾಶ ಮಾಡಲಾಯಿತು. ಇನ್ಫೊಸಿಸ್‌ನ ಗೇಟುಗಳಲ್ಲಿ ಬಂದೂಕು ಹಿಡಿದ ಜವಾನರು ಕಾಣಿಸಿಕೊಂಡದ್ದು ಹಾಗೆ.

ಕಾವಲು ಬೇರೆ, ದಾಳಿ ಬೇರೆ. ಆ ಎರಡನೆಯ ಕೆಲಸಕ್ಕೆಂದು ಕರ್ನಾಟಕ ಪೊಲೀಸ್ ಕಟ್ಟಿದ ಪಡೆ ‘ಗರುಡ’. ಅದರ ತರಬೇತಿಗೆ ಭಯೋತ್ಪಾದನಾ ನಿಗ್ರಹ ಕೇಂದ್ರ ಆರಂಭವಾದದ್ದು ಹೊಸೂರು ರಸ್ತೆಯ ಬದಿಯ ಕೂಡ್ಲುವಿನಲ್ಲಿ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಹೊರ ವರ್ತುಲ ರಸ್ತೆಯ ಕಂಪನಿಗಳ ಸಾಲು, ಅದರಾಚೆ ವೈಟ್‌ಫೀಲ್ಡ್. ಮಾನೇಸರದಿಂದ ವಿಮಾನಕ್ಕೆ ಕಾಯುವ ಪ್ರಮೇಯ ಇವರಿಗಿಲ್ಲ. ಆದರೆ ಕೂಡ್ಲು ಗೇಟಿನ ಸಿಗ್ನಲ್ಲಿನಲ್ಲಿ ಸಂಜೆ ಆರರ ಹೊತ್ತಿಗೆ ಒಮ್ಮೆ ನಿಂತವರಿಗೆ, ಅಲ್ಲಿಂದ ವೈಟ್‌ಫೀಲ್ಡ್ ತಲುಪಲು ಎಷ್ಟು ಹೊತ್ತು ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.