ಮಸೀದಿಯೊಳಗೊಂದು ಡೇರೆ

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627. ಮಕ್ಕಾದ ಕುರೈಶರು ತಮ್ಮ ಮಿತ್ರ ಗೋತ್ರಗಳನ್ನು ಕೂಡಿಕೊಂಡು ಮದೀನಾವನ್ನು ಮುತ್ತಿದ್ದರು. ನಗರದ ತೆರೆದ ಬದಿಯಲ್ಲಿ ಮುಸ್ಲಿಮರು ಕಂದಕ ತೋಡಿ ಕಾವಲು ನಿಂತಿದ್ದರು. ಸ್ತ್ರೀಯರನ್ನೂ ಮಕ್ಕಳನ್ನೂ ಕೋಟೆಮನೆಗಳಿಗೆ ಕಳುಹಿಸಲಾಗಿತ್ತು. ಅಂಥದೊಂದು ಕೋಟೆಯಲ್ಲಿ ಹಝ್ರತ್ ಆಯಿಶಾ(ರ) ಅವರೂ ಸಅದ್ ಬಿನ್ ಮುಆದ್(ರ) ಅವರ ತಾಯಿಯೂ ಜೊತೆಗಿದ್ದರು. ಸಅದ್ ಆ ದಾರಿಯಾಗಿ ಯುದ್ಧಭೂಮಿಗೆ ಹೊರಟಾಗ ಅವರು ತೊಟ್ಟಿದ್ದ ಕವಚ ಗಿಡ್ಡವಾಗಿತ್ತು, ತೋಳು ಪೂರ್ತಿ ಹೊರಗೆ ಕಾಣುತ್ತಿತ್ತು. ಕವಚ ಇನ್ನಷ್ಟು ಉದ್ದವಿದ್ದಿದ್ದರೆ ಚೆನ್ನಾಗಿತ್ತು ಎಂದು ಆಯಿಶಾ(ರ) ಆ ತಾಯಿಯೊಡನೆ ಹೇಳಿಕೊಂಡರು. ಅವರ ಆತಂಕ ನಿಜವಾಯಿತು. ಶತ್ರುವಿನ ಬಾಣವೊಂದು ಸಅದ್‌ರ ತೋಳಿನ ರಕ್ತನಾಳವನ್ನೇ ಕತ್ತರಿಸಿತು.

ಸಅದ್(ರ) ಸಾಮಾನ್ಯ ವ್ಯಕ್ತಿಯಲ್ಲ. ಔಸ್ ಗೋತ್ರದ ನಾಯಕರು. ಬದ್ರ್ ಯುದ್ಧಕ್ಕೆ ಮುನ್ನ ಅನ್ಸಾರರ ಪರವಾಗಿ ಎದ್ದುನಿಂತು, ಪ್ರವಾದಿವರ್ಯರ(ಸ) ಜೊತೆಗೆ ಎಲ್ಲಿಗಾದರೂ ಬರುತ್ತೇವೆಂದು ಮಾತು ಕೊಟ್ಟವರು. ಅವರಿಗೆ ಸ್ವಂತ ಮನೆಯಿತ್ತು, ಆರೈಕೆಗೆ ನಿಲ್ಲಬಲ್ಲ ದೊಡ್ಡ ಬಳಗವಿತ್ತು. ಆದರೂ ಪ್ರವಾದಿವರ್ಯರು(ಸ) ಮಸೀದಿಯಲ್ಲಿಯೇ ಒಂದು ಡೇರೆ ಹಾಕಿಸಿ ಅವರನ್ನು ಅಲ್ಲಿ ಮಲಗಿಸಿದರು. ಕಾರಣವನ್ನು ಆಯಿಶಾ(ರ) ಅವರೇ ತಿಳಿಸಿದ್ದಾರೆ: ಹತ್ತಿರದಿಂದ ಅವರನ್ನು ಸಂದರ್ಶಿಸಲು ಸಾಧ್ಯವಾಗಲಿ ಎಂದು.

ಈ ವರದಿಯನ್ನು ನಾವು ಎಷ್ಟೋ ಸಲ ಓದಿ ಮುಂದೆ ಸಾಗಿರುತ್ತೇವೆ. ಸ್ವಲ್ಪ ನಿಂತು ಯೋಚಿಸಿದರೆ ಅದರ ಗಾತ್ರ ತಿಳಿಯುತ್ತದೆ. ಪ್ರವಾದಿವರ್ಯರ(ಸ) ಮನೆಯ ಬಾಗಿಲು ಮಸೀದಿಗೇ ತೆರೆದುಕೊಳ್ಳುತ್ತಿತ್ತು. ದಿನಕ್ಕೆ ಐದು ಹೊತ್ತು ಅವರು ಅಲ್ಲಿಗೆ ಬರಲೇಬೇಕು. ರೋಗಿಯನ್ನು ಅಲ್ಲಿಯೇ ಮಲಗಿಸಿದರೆ ಭೇಟಿಗೆಂದು ಬೇರೆ ಸಮಯ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಸ್ನೇಹಿತನ ಕಾಯಿಲೆಯನ್ನು ಅವರು ತಮ್ಮ ದಿನಚರಿಯ ಅಂಚಿಗೆ ತಳ್ಳಲಿಲ್ಲ, ಅದರ ನಡುವಿಗೆ ತಂದಿಟ್ಟುಕೊಂಡರು. ಇಮಾಮ್ ಬುಖಾರಿಯವರ ‘ಅಲ್ ಅದಬುಲ್ ಮುಫ್ರದ್’ ಸಂಕಲನದ ಒಂದು ವರದಿಯಂತೆ, ಪ್ರವಾದಿವರ್ಯರು(ಸ) ಆ ಕಡೆ ಹಾದುಹೋಗುವಾಗಲೆಲ್ಲ, ಸಂಜೆಯಾದರೆ ಸಂಜೆ ಹೇಗಿದೆಯೆಂದೂ ಬೆಳಗಾದರೆ ಬೆಳಗ್ಗೆ ಹೇಗಿದೆಯೆಂದೂ ಕೇಳುತ್ತಿದ್ದರು. ಸಅದ್ ಉತ್ತರಿಸುತ್ತಿದ್ದರು. ಅಷ್ಟೇ. ದೀರ್ಘ ಉಪದೇಶವಿಲ್ಲ.

ಆ ಡೇರೆಯನ್ನು ನೋಡಿಕೊಳ್ಳುತ್ತಿದ್ದವರು ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆ. ಗಾಯಾಳುಗಳ ಚಿಕಿತ್ಸೆ ಬಲ್ಲವರು. ನೋಡಿಕೊಳ್ಳುವವರಿಲ್ಲದ ಗಾಯಾಳುಗಳ ಸೇವೆಗೆ ಅವರು ತಮ್ಮನ್ನು ಮೀಸಲಿಟ್ಟಿದ್ದರೆಂದು ಇಬ್ನು ಇಸ್‌ಹಾಕ್ ಬರೆದಿದ್ದಾರೆ. ಗೋತ್ರನಾಯಕನನ್ನೂ ಯಾರೂ ಇಲ್ಲದವನನ್ನೂ ಒಂದೇ ಕೈ ಶುಶ್ರೂಷೆ ಮಾಡಿತು. ಇಸ್ಲಾಮೀ ಇತಿಹಾಸದ ಮೊದಲ ಆಸ್ಪತ್ರೆ ಯಾವುದೆಂದು ಕೇಳಿದರೆ ಹಲವರು ದಮಾಸ್ಕಸ್‌ನ ನೂರಿ ಬೀಮಾರಿಸ್ತಾನವನ್ನೋ ಕೈರೋದ ಮನ್ಸೂರಿ ಬೀಮಾರಿಸ್ತಾನವನ್ನೋ ಹೆಸರಿಸುತ್ತಾರೆ. ಒಂದು 1154ರದು, ಮತ್ತೊಂದು 1284ರದು. ಆ ಭವ್ಯ ಕಟ್ಟಡಗಳಿಗೂ ಎಷ್ಟೋ ಮುಂಚಿನದು ಈ ಡೇರೆ.

ಸಅದ್‌ರ ಚಿಕಿತ್ಸೆ ಸುಲಭವಾಗಿರಲಿಲ್ಲ. ಕಾಯಿಸಿದ ಲೋಹದಿಂದ ಗಾಯವನ್ನು ಸುಡುವುದು ಅಂದಿನ ರಕ್ತ ನಿಲ್ಲಿಸುವ ವಿಧಾನ. ಪ್ರವಾದಿವರ್ಯರಿಗೆ(ಸ) ಆ ಕ್ರಮ ಇಷ್ಟವಿರಲಿಲ್ಲವೆಂಬುದು ಹದೀಸ್‌ಗಳಿಂದಲೇ ತಿಳಿಯುತ್ತದೆ. ಹಾಗಿದ್ದೂ, ಜಾಬಿರ್(ರ) ವರದಿ ಮಾಡಿದಂತೆ, ಸ್ವತಃ ತಮ್ಮ ಕೈಯಿಂದಲೇ ಬಾಣದ ಅಲಗಿನಿಂದ ಸಅದ್‌ರ ಗಾಯವನ್ನು ಸುಟ್ಟರು. ತೋಳು ಊದಿಕೊಂಡಿತು. ಎರಡನೆಯ ಬಾರಿ ಸುಟ್ಟರು. ತಮಗಿಷ್ಟವಿಲ್ಲದ ಚಿಕಿತ್ಸೆಯಾದರೂ ಗೆಳೆಯನ ಪ್ರಾಣಕ್ಕೆ ಬೇಕಾದಾಗ ಅವರು ಹಿಂಜರಿಯಲಿಲ್ಲ.

ಸಅದ್ ಉಳಿಯಲಿಲ್ಲ. ಮುತ್ತಿಗೆ ಮುಗಿದ ಬಳಿಕ ಒಂದು ರಾತ್ರಿ ಗಾಯ ಒಡೆಯಿತು. ಅದೇ ಮಸೀದಿಯಲ್ಲಿ ಬನೂ ಗಿಫಾರ್‌ನವರ ಡೇರೆಯೊಂದಿತ್ತು. ಪಕ್ಕದ ಡೇರೆಯಿಂದ ತಮ್ಮತ್ತ ರಕ್ತ ಹರಿದು ಬರುವುದನ್ನು ಕಂಡು ಅವರು ಗಾಬರಿಯಿಂದ ಕೂಗಿಕೊಂಡರು. ಸಅದ್‌ರ ಮರಣದ ವೇಳೆಗೆ ಅಬೂಬಕರ್(ರ) ಮತ್ತು ಉಮರ್(ರ) ಇಬ್ಬರೂ ಅತ್ತರು. ತಮ್ಮ ಕೋಣೆಯಲ್ಲಿದ್ದ ಆಯಿಶಾ(ರ) ಅವರಿಗೆ ಯಾವುದು ಯಾರ ಅಳುವೆಂದು ಬೇರ್ಪಡಿಸಿ ಗುರುತಿಸಲು ಸಾಧ್ಯವಾಗುತ್ತಿತ್ತಂತೆ.

ಇಲ್ಲಿ ನನ್ನದೇ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು ಎಂದು ಮದ್ರಸದ ಮಕ್ಕಳಿಗೆ ವರ್ಷಗಳಿಂದ ಪಾಠ ಹೇಳುತ್ತಾ ಬಂದವನು ನಾನು. ನನ್ನ ಹಳೆಯ ಸಹಪಾಠಿಯೊಬ್ಬರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಸುದ್ದಿ ತಿಳಿದು ಒಂದು ಶುಕ್ರವಾರ ಅವರ ಮನೆಗೆ ಹೋದೆ. ಬರಿಗೈಯಲ್ಲಿ ಹೋಗುವುದೇ ಎಂದು ಆರು ಎಳನೀರು ಒಯ್ದೆ. ಅರ್ಧ ಗಂಟೆ ಕುಳಿತು, ಸಹನೆಯ ಮಹತ್ವ ವಿವರಿಸಿ, ದುಆ ಮಾಡಿ ಬಂದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಆ ಕಾಯಿಲೆಯವರಿಗೆ ಅದು ಅಪಾಯಕಾರಿ ಎಂಬುದು ನನಗೆ ಗೊತ್ತಿರಲಿಲ್ಲ. ಅವರು ಕುಡಿಯುವ ನೀರನ್ನೇ ಅಳೆದು ಕುಡಿಯುತ್ತಿದ್ದರು. ನನ್ನ ಮನಸ್ಸು ನೋಯಬಾರದೆಂದು ಏನೂ ಹೇಳಲಿಲ್ಲ. ಅವರಿಗೆ ಬೇಕಾಗಿದ್ದುದು ಬೇರೆಯೇ ಆಗಿತ್ತು. ನಾಲ್ಕು ಗಂಟೆ ಯಂತ್ರಕ್ಕೆ ಒಡ್ಡಿಕೊಂಡು ಎದ್ದಾಗ ತಲೆ ಸುತ್ತುತ್ತದೆ, ಕಾಲು ನಡುಗುತ್ತದೆ, ಆ ಹೊತ್ತಿನಲ್ಲಿ ಮನೆಯ ತನಕ ಜೊತೆಗೆ ಬರುವ ಒಬ್ಬ ಬೇಕಿತ್ತು. ಅದನ್ನು ನಾನು ಕೇಳಲೇ ಇಲ್ಲ. ತಿಂಗಳುಗಳ ನಂತರ ಅವರ ಮಗನಿಂದ ತಿಳಿಯಿತು. ಸಅದ್‌ರ ಡೇರೆಯ ವರದಿಯನ್ನು ಅಂದು ರಾತ್ರಿ ಮತ್ತೊಮ್ಮೆ ಓದಿದೆ.

ಇನ್ನೊಬ್ಬ ಸಅದ್‌ರ ಕಥೆಯೂ ಇದೆ, ಸಅದ್ ಬಿನ್ ಅಬೀ ವಕ್ಕಾಸ್(ರ) ಅವರದು. ಹಿಜರಿ 10ರ ವಿದಾಯ ಹಜ್ಜ್‌ನ ಸಮಯ. ಮಕ್ಕಾದಲ್ಲಿ ಅವರಿಗೆ ಕಾಯಿಲೆ ಉಲ್ಬಣಿಸಿ ಮರಣವೇ ಎದುರಿಗೆ ಬಂದಂತಾಯಿತು. ಅವರನ್ನು ಕಾಡಿದ್ದು ಎರಡು ಚಿಂತೆ. ಅಲ್ಲಾಹನಿಗಾಗಿ ತೊರೆದು ಹೋದ ಊರಿನಲ್ಲಿಯೇ ಸಾಯುವೆನಲ್ಲ ಎಂಬುದು ಒಂದು. ಆಸ್ತಿಯದು ಮತ್ತೊಂದು, ಏಕೆಂದರೆ ವಾರಸುದಾರಳಾಗಿ ಇದ್ದವಳು ಒಬ್ಬಳೇ ಮಗಳು. ಮೂರನೆಯ ಎರಡು ಭಾಗವನ್ನು ದಾನ ಮಾಡಲೇ ಎಂದು ಕೇಳಿದರು. ಪ್ರವಾದಿವರ್ಯರು(ಸ) ಬೇಡವೆಂದರು. ಅರ್ಧ? ಅದೂ ಬೇಡ. ಮೂರನೆಯ ಒಂದು ಭಾಗ ಸಾಕು, ಅದೇ ಹೆಚ್ಚು, ವಾರಸುದಾರರನ್ನು ಜನರೆದುರು ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಸ್ಥಿತಿವಂತರಾಗಿ ಬಿಡುವುದು ಲೇಸು ಎಂದು ತಿಳಿಸಿದರು. ವಸೀಯತ್ತಿನ ಕಾನೂನಿಗೆ ಇಂದಿಗೂ ಆಧಾರವಾಗಿರುವ ಈ ನಿಯಮ ಬಂದುದು ಒಂದು ರೋಗಶಯ್ಯೆಯ ಬಳಿ ಎಂಬುದನ್ನು ನಾವು ಮರೆಯುತ್ತೇವೆ. ಆಸ್ತಿಯ ಮಾತು ರೋಗಿಯೆದುರು ಅಶುಭವೆಂದು ಬಾಯಿ ಮುಚ್ಚಿಸುವವರೇ ನಮ್ಮಲ್ಲಿ ಹೆಚ್ಚು. ಪ್ರವಾದಿವರ್ಯರು(ಸ) ಅದನ್ನು ಪೂರ್ತಿ ಕೇಳಿದರು, ಲೆಕ್ಕ ಹಾಕಿ ಉತ್ತರಿಸಿದರು. ಬಳಿಕ ಅವರ ಹಣೆಯ ಮೇಲೆ ಕೈಯಿಟ್ಟು, ಮುಖವನ್ನೂ ಹೊಟ್ಟೆಯನ್ನೂ ಸವರಿ, ಗುಣವಾಗಲೆಂದು ದುಆ ಮಾಡಿದರು. ಆ ಕೈಯ ತಂಪು ತಮಗೆ ಇಂದಿಗೂ ಅನುಭವವಾಗುತ್ತದೆಂದು ಸಅದ್ ಎಷ್ಟೋ ಕಾಲದ ನಂತರ ಹೇಳುತ್ತಿದ್ದರು. ಅವರು ಗುಣಮುಖರಾಗಿ ಕಾದಿಸಿಯಾ ಯುದ್ಧದ ಸೇನಾನಿಯಾದರು, ಕೂಫಾ ನಗರವನ್ನು ಕಟ್ಟಿಸಿದರು.

ಅಬೂ ದಾವೂದ್ ಸಂಕಲನದಲ್ಲಿ ಸಅದ್‌ರ ಕಾಯಿಲೆಯ ಬಗ್ಗೆಯೇ ಇನ್ನೊಂದು ವರದಿಯಿದೆ. ಪ್ರವಾದಿವರ್ಯರು(ಸ) ಅವರ ಎದೆಯ ಮೇಲೆ ಕೈಯಿಟ್ಟು, ಇದು ಹೃದಯದ ತೊಂದರೆಯೆಂದು ಹೇಳಿ, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯರ ಬಳಿಗೆ ಹೋಗಲು ಸೂಚಿಸಿದರು. ಅಜ್ವಾ ಖರ್ಜೂರದ ಮದ್ದಿನ ವಿಚಾರವೂ ಅದೇ ವರದಿಯಲ್ಲಿದೆ. ನಮ್ಮ ಭಾಷಣಕಾರರು ಖರ್ಜೂರವನ್ನು ಮಾತ್ರ ನೆನಪಿಡುತ್ತಾರೆ, ವೈದ್ಯರನ್ನು ಬಿಟ್ಟುಬಿಡುತ್ತಾರೆ. ಹಾರಿಸ್ ಇಸ್ಲಾಮ್ ಸ್ವೀಕರಿಸಿದ್ದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅನುಭವಿ ವೈದ್ಯರೆಂಬುದರಲ್ಲಿ ಮಾತ್ರ ಇಲ್ಲ. ದುಆ ಮಾಡಬಲ್ಲವರಲ್ಲಿ ಅತ್ಯಂತ ಶ್ರೇಷ್ಠರು ಎದೆಯ ಮೇಲೆ ಕೈಯಿಟ್ಟ ಮೇಲೂ ವೈದ್ಯರ ವಿಳಾಸ ಕೊಟ್ಟರು.

ಇಂಥ ಭೇಟಿಗಳು ಇನ್ನೂ ಅನೇಕ. ಜಾಬಿರ್(ರ) ಪ್ರಜ್ಞೆತಪ್ಪಿ ಮಲಗಿದ್ದಾಗ ಪ್ರವಾದಿವರ್ಯರು(ಸ) ಅಬೂಬಕರ್‌ರೊಂದಿಗೆ(ರ) ಕಾಲ್ನಡಿಗೆಯಲ್ಲಿ ಹೋದರು. ಝೈದ್ ಬಿನ್ ಅರ್ಕಮ್(ರ) ಅವರ ಕಣ್ಣುನೋವಿಗೂ ಹೋದರು. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆಬಿದ್ದಾಗ ಹೋಗಿ ಅವನ ತಲೆಯ ಬಳಿ ಕುಳಿತರು.

ಆದರೆ ಹತ್ತಿರವಿರುವುದೇ ಅಸಾಧ್ಯವಾದಾಗ? ಆ ಪರೀಕ್ಷೆ ಬಂದುದು ಹಿಜರಿ 18ರಲ್ಲಿ, ಕ್ರಿ.ಶ. 639ರಲ್ಲಿ. ಫೆಲೆಸ್ತೀನಿನ ಅಮ್ವಾಸ್‌ನಲ್ಲಿ ಆರಂಭವಾದ ಪ್ಲೇಗ್ ಶಾಮ್ ನಾಡಿನಲ್ಲೆಲ್ಲ ಹಬ್ಬಿತು. ಅಲ್ಲಿನ ಸೇನಾಧಿಪತಿ ಅಬೂ ಉಬೈದಾ(ರ). ಖಲೀಫಾ ಉಮರ್(ರ) ಅವರಿಗೆ ಇವರ ಮೇಲಿದ್ದ ಪ್ರೀತಿ ಎಲ್ಲರಿಗೂ ತಿಳಿದದ್ದು. ಉಮರ್(ರ) ಶಾಮ್‌ಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ರೋಗದ ಸುದ್ದಿ ಬಂತು. ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಕೇಳಿದವರು ಬೇರಾರೂ ಅಲ್ಲ, ಅಬೂ ಉಬೈದಾರೇ. ಹೌದು, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಎಂದರು ಉಮರ್(ರ). ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡಾಗಿದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯಂತೆಯೇ ಅಲ್ಲವೇ ಎಂದು ಕೇಳಿದರು. ಆಮೇಲೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಪ್ಲೇಗ್ ಇರುವ ನಾಡಿಗೆ ಹೋಗಬಾರದು, ಇರುವ ನಾಡಿನಿಂದ ಓಡಿಹೋಗಬಾರದು ಎಂಬ ಪ್ರವಾದಿ ವಚನವನ್ನು ತಿಳಿಸಿದರು. 2020ರ ಮಾರ್ಚ್‌ನಲ್ಲಿ ನಮ್ಮ ಮಸೀದಿಗಳ ಬಾಗಿಲು ಮುಚ್ಚಿದಾಗ ಎಲ್ಲರ ನಾಲಿಗೆಯಲ್ಲೂ ಇದ್ದುದು ಇದೇ ವಚನ.

ಮದೀನಾಕ್ಕೆ ಮರಳಿದ ಉಮರ್‌ರಿಗೆ(ರ) ಸಮಾಧಾನವಿರಲಿಲ್ಲ. ಅಬೂ ಉಬೈದಾರಿಗೆ ಪತ್ರ ಬರೆದರು. ನಿಮ್ಮಿಂದ ಒಂದು ಕೆಲಸವಾಗಬೇಕಿದೆ, ಪತ್ರ ತಲುಪಿದ ಕೂಡಲೇ ಹೊರಟು ಬನ್ನಿ ಎಂಬುದು ಅದರ ಸಾರ. ಕೆಲಸ ಯಾವುದೂ ಇರಲಿಲ್ಲ. ಗೆಳೆಯನನ್ನು ರೋಗದ ನಾಡಿನಿಂದ ಹೊರತೆಗೆಯುವ ಉಪಾಯ ಅದು. ಅಬೂ ಉಬೈದಾರಿಗೆ ಓದಿದ ಕೂಡಲೇ ಅರ್ಥವಾಯಿತು. ತಾವು ಮುಸ್ಲಿಮರ ಸೇನೆಯ ನಡುವೆ ಇರುವುದಾಗಿಯೂ ಅವರನ್ನು ಬಿಟ್ಟು ತಮ್ಮೊಬ್ಬರನ್ನೇ ಉಳಿಸಿಕೊಳ್ಳಲು ಇಚ್ಛಿಸುವುದಿಲ್ಲವೆಂದೂ, ಆಜ್ಞೆಯಿಂದ ತಮ್ಮನ್ನು ಮುಕ್ತಗೊಳಿಸಬೇಕೆಂದೂ ಉತ್ತರ ಬರೆದರು. ಅದನ್ನು ಓದಿ ಉಮರ್(ರ) ಅತ್ತರು. ಅಬೂ ಉಬೈದಾ ತೀರಿಕೊಂಡರೇ ಎಂದು ಸುತ್ತಲಿದ್ದವರು ಕೇಳಿದರು. ಇಲ್ಲ, ಆದರೆ ತೀರಿಕೊಂಡಂತೆಯೇ ಎಂದರು.

ಇಬ್ಬರಲ್ಲಿ ಯಾರದು ಸರಿ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಒಬ್ಬ ಗೆಳೆಯನನ್ನು ಉಳಿಸಲು ಒಬ್ಬರು ಉಪಾಯ ಹೂಡಿದರು. ಸಾವಿರಾರು ಗೆಳೆಯರನ್ನು ಬಿಟ್ಟು ಬರಲಾರೆನೆಂದು ಇನ್ನೊಬ್ಬರು ನಿಂತರು. ನನಗಂತೂ ಇದರಲ್ಲಿ ತಪ್ಪು ಕಾಣಿಸಿಲ್ಲ.

ಉಮರ್(ರ) ಅಷ್ಟಕ್ಕೆ ಕೈಬಿಡಲಿಲ್ಲ. ಗೆಳೆಯ ಬರಲೊಲ್ಲರೆಂದಾದ ಮೇಲೆ, ತಗ್ಗಿನ ಜೌಗು ನೆಲ ಬಿಟ್ಟು ಸೇನೆಯನ್ನು ಎತ್ತರದ, ಆರೋಗ್ಯಕರ ಪ್ರದೇಶಕ್ಕೆ ಸಾಗಿಸಿರೆಂದು ಇನ್ನೊಂದು ಪತ್ರ ಕಳುಹಿಸಿದರು. ಅಬೂ ಉಬೈದಾ ಆ ಆದೇಶವನ್ನು ಪಾಲಿಸಲು ಹೊರಟರು. ಅಷ್ಟರಲ್ಲಿ ರೋಗ ಅವರನ್ನೂ ಹಿಡಿದಿತ್ತು. ಅವರ ಸ್ಥಾನಕ್ಕೆ ಬಂದ ಮುಆದ್ ಬಿನ್ ಜಬಲ್(ರ) ಕೂಡ ಅದೇ ಪ್ಲೇಗ್‌ನಲ್ಲಿ ತೀರಿಕೊಂಡರು. ಆನಂತರ ಹೊಣೆ ಹೊತ್ತ ಅಮ್ರ್ ಬಿನುಲ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು, ರೋಗ ತಗ್ಗಿತು.

ಐದು ವರ್ಷಗಳ ನಂತರ, ಹಿಜರಿ 23ರಲ್ಲಿ, ಉಮರ್(ರ) ಅವರೇ ಇರಿತದ ಗಾಯದಿಂದ ಮರಣಶಯ್ಯೆಯಲ್ಲಿದ್ದರು. ಉತ್ತರಾಧಿಕಾರಿಯನ್ನು ನೇಮಿಸಿರೆಂದು ಜನರು ಕೇಳಿಕೊಂಡಾಗ ಅವರ ಬಾಯಿಗೆ ಬಂದ ಹೆಸರು ಅಬೂ ಉಬೈದಾರದು. ಅವರು ಬದುಕಿದ್ದರೆ ಅವರನ್ನೇ ನೇಮಿಸುತ್ತಿದ್ದೆ ಎಂದರು.