ನೆಲದ ಮೇಲೆ ಹೋದ ದೋಣಿ

ದೋಣಿ ನೆಲದ ಮೇಲೆ ಹೋಗುವುದುಂಟೇ? ಉಂಟೆಂದರೆ ಓದುಗರು ನಕ್ಕಾರು. ಆದರೂ ನಾನು ಅಂಥ ದೋಣಿಯಲ್ಲಿ ಅರ್ಧ ದಿನ ಕುಳಿತು ಬಂದವನು.

ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ, ನ್ಯೂ ಆರ್ಲಿಯನ್ಸ್ ನಗರದಿಂದ ಆಗ್ನೇಯಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಡೆಲಾಕ್ರೋ ಎಂಬ ಮೀನುಗಾರರ ಊರಿದೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಆಚೆಗೆ ಇರುವುದು ಹುಲ್ಲು, ನೀರು, ಆಕಾಶ, ಅಷ್ಟೇ. ಆ ಜಾಗಕ್ಕೆ ‘ಲೋಕದ ಕೊನೆ’ ಎಂಬ ಅಡ್ಡಹೆಸರೂ ಇದೆ. ಅಕ್ಟೋಬರ್ ತಿಂಗಳ ಒಂದು ಮುಂಜಾವಿನಲ್ಲಿ ನಾನು ಅಲ್ಲಿಂದ ದೋಣಿ ಹತ್ತಿದೆ. ದೋಣಿಯ ಯಜಮಾನರು ಅರವತ್ತು ದಾಟಿದ ಮನುಷ್ಯ. ಅವರ ಮುಂದಿನ ಹಲಗೆಯ ಮೇಲೆ ದಾರಿ ತೋರುವ ಯಂತ್ರದ ಪುಟ್ಟ ಪರದೆಯಿತ್ತು. ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರು. ಪರದೆಯ ನಕ್ಷೆಯಲ್ಲಾದರೋ ನಮ್ಮ ದೋಣಿಯ ಗುರುತು ಹಸಿರು ನೆಲದ ನಟ್ಟನಡುವೆ ಸಾಗುತ್ತಿತ್ತು!

“ಯಂತ್ರ ಕೆಟ್ಟಿರುವ ಹಾಗಿದೆ” ಎಂದೆ.

“ಯಂತ್ರ ಸರಿಯಾಗಿಯೇ ಇದೆ. ನಕ್ಷೆ ಹಳೆಯದು. ಅದನ್ನು ಬರೆದಾಗ ಇಲ್ಲಿ ನೆಲವಿತ್ತು” ಎಂದರು ಅವರು.

ನಾನು ಮೀನು ನೋಡಲು ಹೋದವನು, ಇತಿಹಾಸ ನೋಡಿಕೊಂಡು ಬಂದೆ. ಆ ಒಂದು ಮಾತೇ ಅದಕ್ಕೆ ಕಾರಣ.

ಬಲ್ಲವರ ಬೇಟೆ

ಗಾಳ ಹಿಡಿಯುವ ಯೋಗ್ಯತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಾಳ ಹಿಡಿದವರು ನನ್ನ ಗೆಳೆಯರು. ಇಪ್ಪತ್ತು ವರ್ಷ ಅದೇ ಹವ್ಯಾಸದಲ್ಲಿ ಪಳಗಿದವರು. ಇದು ಕಲಿಯುವವರಿಗಾಗಿ ಇರುವ ವಿಹಾರವಲ್ಲ. ಬಲ್ಲವರೇ ಹಣ ಕೊಟ್ಟು ಇನ್ನೊಬ್ಬ ಬಲ್ಲವನನ್ನು ಕರೆದುಕೊಂಡು ಹೋಗುವ ಪದ್ಧತಿ. ಎಸೆಯುವುದು ಹೇಗೆಂದು ಅತಿಥಿಗೆ ಗೊತ್ತು. ಎಲ್ಲಿ ಎಸೆಯಬೇಕೆಂಬುದು ಮಾತ್ರ ನಾವಿಕನಿಗೆ ಗೊತ್ತು. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಕೊಳದಲ್ಲಿ ನೀರು ತಿಳಿಯಾಗಿರುತ್ತದೆ, ಉಬ್ಬರ ಇಳಿಯುವಾಗ ಏಡಿ ಸೀಗಡಿಗಳು ಯಾವ ಕಿರುತೋಡಿನ ಬಾಯಿಗೆ ಬರುತ್ತವೆ, ಇದು ಯಾವ ಪುಸ್ತಕದಲ್ಲಿಯೂ ಇಲ್ಲದ ವಿದ್ಯೆ.

ಮೊಳಕಾಲುದ್ದದ ನೀರಿಗೆ ಬಂದೊಡನೆ ಯಜಮಾನರು ಎಂಜಿನ್ ನಿಲ್ಲಿಸಿದರು. ಹಿಂಬದಿಯ ಎತ್ತರದ ಅಟ್ಟಣೆ ಹತ್ತಿ, ಉದ್ದನೆಯ ಗಳವನ್ನು ಕೆಸರಿಗೆ ಊರಿ, ಸದ್ದಿಲ್ಲದೆ ದೋಣಿಯನ್ನು ನೂಕತೊಡಗಿದರು. ಗೆಳೆಯರು ಮುಂದಲೆಯಲ್ಲಿ ಕೋಲು ಹಿಡಿದು ನಿಂತರು. ದೋಣಿಯ ಮೂತಿಯೇ ಗಡಿಯಾರದ ಹನ್ನೆರಡು ಗಂಟೆ ಎಂದು ಮೊದಲೇ ಒಪ್ಪಂದ. “ಹತ್ತು ಗಂಟೆ, ನಲವತ್ತು ಅಡಿ, ಎಡಕ್ಕೆ ಹೋಗುತ್ತಿದೆ” ಎಂದು ಮೇಲಿನಿಂದ ಪಿಸುಮಾತು ಬಂತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹುಲ್ಲಿನ ಅಂಚಿನಲ್ಲಿ ತಾಮ್ರದ ಬಣ್ಣದ ಒಂದು ಬಾಲ ನೀರಿನಿಂದ ಮೇಲೆದ್ದು ಬೀಸಣಿಗೆಯಂತೆ ಆಡುತ್ತಿತ್ತು. ತಲೆ ಕೆಳಗಾಗಿ ಏಡಿ ಹುಡುಕುತ್ತಿರುವ ಮೀನು! ಗೆಳೆಯರ ಕೈಯಿಂದ ಹಾರಿದ ಹೊಂಬಣ್ಣದ ತಗಡಿನ ಎರೆ ಅದರ ಮೂತಿಯ ಮುಂದೆ ಒಂದಡಿ ದೂರದಲ್ಲಿ ಬಿತ್ತು. ಮುಂದಿನದು ನೀರಿನ ಸ್ಫೋಟ.

ಇದೇ ಆ ನಾಡಿನ ಪ್ರಸಿದ್ಧ ಕೆಂಪುಮೀನು. ಬಾಲದ ಬುಡದಲ್ಲಿ ಕಣ್ಣಿನಂಥ ಕಪ್ಪು ಬೊಟ್ಟು. ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಡೋಲಿನಂತೆ ಸದ್ದು ಮಾಡುವುದರಿಂದ ಇದಕ್ಕೆ ‘ಕೆಂಪು ಡ್ರಮ್’ ಎಂದೂ ಹೆಸರು. ಮೂರು ನಾಲ್ಕು ವರ್ಷ ಜೌಗಿನಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಮೆಕ್ಸಿಕೋ ಕೊಲ್ಲಿಗೆ ಇಳಿಯುತ್ತದೆ. ಅಪಾಯ ತಪ್ಪಿಸಿಕೊಂಡರೆ ನಲವತ್ತು ವರ್ಷದ ತನಕ ಬದುಕಬಲ್ಲದು. ಜೌಗು ಅದರ ಬಾಲ್ಯದ ಮನೆ.

ಬಾಣಲೆಗೆ ಬಿದ್ದ ಮೀನು

ಈ ಮೀನಿಗೆ ಒಮ್ಮೆ ದೊಡ್ಡ ಗಂಡಾಂತರ ಬಂದಿತ್ತು. 1979ರಲ್ಲಿ ಪಾಲ್ ಪ್ರೂಡೋಮ್ ಎಂಬ ಬಾಣಸಿಗರು ನ್ಯೂ ಆರ್ಲಿಯನ್ಸಿನಲ್ಲಿ ಒಂದು ಊಟದ ಮನೆ ತೆರೆದರು. ಮೀನಿನ ತುಂಡನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ, ಮೆಣಸಿನ ಮಸಾಲೆ ಮೆತ್ತಿ, ಚೆನ್ನಾಗಿ ಕಾದ ಎರಕದ ಬಾಣಲೆಯಲ್ಲಿ ಕಪ್ಪಗಾಗುವಂತೆ ಸುಡುವುದು ಅವರ ಕೈಗುಣ. ಕೆಲವೇ ವರ್ಷಗಳಲ್ಲಿ ಅಮೆರಿಕದ ಊರೂರಿಗೂ ಆ ರುಚಿ ಹಬ್ಬಿತು. ಬಡವರ ಮೀನಾಗಿದ್ದದ್ದು ದೊಡ್ಡವರ ತಟ್ಟೆಗೆ ಏರಿತು. ಕೊಲ್ಲಿಯಲ್ಲಿ ಗುಂಪು ಗುಂಪಾಗಿ ಈಜುವ ದೊಡ್ಡ ಮೀನುಗಳನ್ನು ವಿಮಾನದಿಂದ ಗುರುತಿಸಿ, ಸುತ್ತುಬಲೆ ಹಾಕಿ, ಒಂದೇ ಎಳೆತಕ್ಕೆ ರಾಶಿ ರಾಶಿಯಾಗಿ ಬಾಚತೊಡಗಿದರು. ಮೊಟ್ಟೆಯಿಡುವ ತಾಯಿಗಳೇ ಹೀಗೆ ಹೋದರೆ ಮರಿ ಎಲ್ಲಿಂದ ಬರಬೇಕು?

1986ರಲ್ಲಿ ಕೇಂದ್ರ ಸರ್ಕಾರ ಅಡ್ಡ ಬಂತು. 1988ರಲ್ಲಿ ಲೂಯಿಸಿಯಾನ ರಾಜ್ಯವೂ ಇದನ್ನು ವ್ಯಾಪಾರಕ್ಕಾಗಿ ಹಿಡಿಯುವುದನ್ನು ನಿಲ್ಲಿಸಿ, ಗಾಳದವರಿಗಾಗಿ ಕಾದಿರಿಸಿತು. ಕೇಂದ್ರದ ಕಡಲಿನಲ್ಲಿ ಹಿಡಿದ ಕೆಂಪುಮೀನನ್ನು ಮಾರಬಾರದೆಂದು 2007ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಆಜ್ಞೆ ಹೊರಡಿಸಿದರು. ಮೀನು ಚೇತರಿಸಿಕೊಂಡಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜೌಗಿನಿಂದ ಕಡಲಿಗೆ ಪಾರಾಗುವ ಎಳೆಯ ಮೀನುಗಳು ಮತ್ತೆ ಕಡಿಮೆಯಾಗಿವೆಯೆಂದು ಕಂಡು, 2024ರ ಜೂನ್ ತಿಂಗಳಿನಿಂದ ರಾಜ್ಯ ನಿಯಮವನ್ನು ಬಿಗಿ ಮಾಡಿತು. ಒಬ್ಬರಿಗೆ ದಿನಕ್ಕೆ ಐದಿದ್ದದ್ದು ನಾಲ್ಕಾಯಿತು. ಅದೂ 18ರಿಂದ 27 ಅಂಗುಲದೊಳಗಿನದು. ಅದಕ್ಕಿಂತ ದೊಡ್ಡದನ್ನೂ ಚಿಕ್ಕದನ್ನೂ ನೀರಿಗೇ ಬಿಡಬೇಕು. ನಾವಿಕ ತನ್ನ ಪಾಲಿನ ಮೀನನ್ನು ಅತಿಥಿಗಳ ಪೆಟ್ಟಿಗೆಗೆ ಸೇರಿಸುವಂತೆಯೂ ಇಲ್ಲ.

ಬಲೆಯನ್ನೂ ಬಾಣಲೆಯನ್ನೂ ಕಾನೂನಿನಿಂದ ತಡೆಯಬಹುದು. ಮೀನಿನ ಮನೆಯೇ ಕರಗಿದರೆ ಏನು ಮಾಡುವುದು?

ನದಿಗೆ ಕಟ್ಟಿದ ಗೋಡೆ

ಈ ಜೌಗು ಮಿಸಿಸಿಪ್ಪಿ ನದಿಯ ಮಗಳು. ಸುಮಾರು ಏಳು ಸಾವಿರ ವರ್ಷಗಳಿಂದ ಆ ಮಹಾನದಿ ಅರ್ಧ ಅಮೆರಿಕದ ಮಣ್ಣನ್ನು ಹೊತ್ತು ತಂದು, ದಡ ಮೀರಿ ಹರಿದು, ಇಲ್ಲಿ ಹರಡುತ್ತಿತ್ತು. ಮೆಕ್ಕಲು ಸಡಿಲವಾದ್ದರಿಂದ ತನ್ನ ಭಾರಕ್ಕೆ ತಾನೇ ಕುಸಿಯುವುದು ಅದರ ಸ್ವಭಾವ. ಕುಸಿದಷ್ಟನ್ನು ಮುಂದಿನ ನೆರೆ ತುಂಬಿಕೊಡುತ್ತಿತ್ತು. ಇದು ಕೊಡುಕೊಳ್ಳುವ ಸಂಸಾರ.

ಸ್ಪೇನಿನ ಆಳ್ವಿಕೆಯಲ್ಲಿ, 1778ರಿಂದ ಮುಂದಕ್ಕೆ, ಕೆನರಿ ದ್ವೀಪಗಳ ಬಡ ಕುಟುಂಬಗಳನ್ನು ತಂದು ಇಲ್ಲಿ ನೆಲೆಗೊಳಿಸಿದರು. ಡೆಲಾಕ್ರೋ ಊರಿನ ಹಳಬರು ಅವರ ಸಂತತಿ. ಇಸ್ಲೇನ್ಯೋ, ಎಂದರೆ ದ್ವೀಪದವರು, ಎಂದು ಹೆಸರು. ಮೀನು, ಏಡಿ, ಚಳಿಗಾಲದಲ್ಲಿ ತುಪ್ಪಳಕ್ಕಾಗಿ ಮಸ್ಕ್‌ರ‍್ಯಾಟ್ ಎಂಬ ನೀರಿಲಿ, ಇವೇ ಅವರ ಜೀವನ.

1927ರಲ್ಲಿ ಮಿಸಿಸಿಪ್ಪಿಗೆ ಹಿಂದೆ ಕಂಡರಿಯದ ಪ್ರವಾಹ ಬಂತು. ನ್ಯೂ ಆರ್ಲಿಯನ್ಸ್ ಉಳಿಯಬೇಕಾದರೆ ಊರಿನ ಕೆಳಗಡೆ ನದಿಯ ಒಡ್ಡನ್ನು ಒಡೆಯಬೇಕೆಂದು ಅಲ್ಲಿನ ಬ್ಯಾಂಕುಗಳ ಧಣಿಗಳು ಪಟ್ಟು ಹಿಡಿದರು. ಏಪ್ರಿಲ್ 29ರಂದು ಕಾರ್ನಾರ್ವನ್ ಎಂಬಲ್ಲಿ ಡೈನಮೈಟ್ ಸಿಡಿಸಿ ನೀರನ್ನು ಈ ಜನರ ಮೇಲೆ ಬಿಟ್ಟರು. ಸುಮಾರು ಹತ್ತು ಸಾವಿರ ಮಂದಿ ಮನೆಮಠ ಬಿಟ್ಟು ಹೊರಟರು. ಪರಿಹಾರದ ಮಾತು ಕೊಟ್ಟಿದ್ದರು. ಹೆಚ್ಚಿನವರಿಗೆ ಸಿಕ್ಕಿದ್ದು ಅತ್ಯಲ್ಪ, ಇಲ್ಲವೇ ಏನೂ ಇಲ್ಲ. ಇಷ್ಟಾಗಿ, ಮೇಲ್ಗಡೆಯ ಒಡ್ಡುಗಳು ತಾವಾಗಿಯೇ ಒಡೆದು ನಗರದ ಮೇಲಿನ ಒತ್ತಡ ಇಳಿದಿತ್ತು. ಆ ಸಿಡಿಮದ್ದು ಬೇಕೇ ಇರಲಿಲ್ಲವೆಂದು ಇತಿಹಾಸಕಾರರು ಬರೆಯುತ್ತಾರೆ.

ಆ ಪ್ರವಾಹದಿಂದ ದೇಶ ಕಲಿತ ಪಾಠ ಒಂದೇ: ನದಿಯನ್ನು ಕಟ್ಟಿಹಾಕಬೇಕು. 1928ರ ಶಾಸನದ ಮೇರೆಗೆ ಸೈನ್ಯದ ಎಂಜಿನಿಯರುಗಳು ಉದ್ದಕ್ಕೂ ಒಡ್ಡುಗಳನ್ನು ಎತ್ತರಿಸಿ ಬಲಪಡಿಸಿದರು. ನಗರಗಳು ಉಳಿದವು, ಹಡಗುಗಳು ಸರಾಗವಾಗಿ ಓಡಾಡಿದವು. ಮೆಕ್ಕಲು ಮಾತ್ರ ಜೌಗಿಗೆ ಬಾರದೆ ನೇರವಾಗಿ ಆಳದ ಕಡಲಿಗೆ ಹೋಗಿ ಬಿತ್ತು. ಕುಸಿತ ನಿಲ್ಲಲಿಲ್ಲ, ಭರ್ತಿ ನಿಂತಿತು. ಇದರ ಮೇಲೆ ಎಣ್ಣೆ ಮತ್ತು ಅನಿಲದ ಕಂಪನಿಗಳು ಬಂದು ಬಾವಿಗಳಿಗೆ ದಾರಿ ಮಾಡಿಕೊಳ್ಳಲು ಸಾವಿರಾರು ಮೈಲಿ ಕಾಲುವೆ ಅಗೆದವು. ಒಂದೊಂದು ಕಾಲುವೆಯೂ ಉಪ್ಪುನೀರಿಗೆ ತೆರೆದ ಬಾಗಿಲು. 1958ರಿಂದ 1968ರವರೆಗೆ ಹಡಗುಗಳ ಅಡ್ಡದಾರಿಗಾಗಿ 76 ಮೈಲಿ ಉದ್ದದ ದೊಡ್ಡ ಕಾಲುವೆಯನ್ನೇ ಸೇಂಟ್ ಬರ್ನಾರ್ಡಿನ ಜೌಗಿನ ನಡುವೆ ಸೀಳಿದರು. ಹಡಗುಗಳು ಬಂದದ್ದು ವಿರಳ. ಉಪ್ಪು ಬಂದದ್ದು ಧಾರಾಳ. ಸಿಹಿನೀರಿನ ಸೈಪ್ರೆಸ್ ಮರಗಳು ನಿಂತಲ್ಲೇ ಒಣಗಿದವು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದು ಸೇಂಟ್ ಬರ್ನಾರ್ಡಿನ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ ಮುಳುಗಿಸಿತು. 2009ರಲ್ಲಿ ಆ ಕಾಲುವೆಗೆ ಕಲ್ಲಿನ ಅಡ್ಡಗೋಡೆ ಹಾಕಿ ಮುಚ್ಚಿದರು.

ಅಮೆರಿಕದ ಭೂವಿಜ್ಞಾನ ಇಲಾಖೆಯ ಲೆಕ್ಕದಂತೆ, 1932ರಿಂದ 2016ರೊಳಗೆ ಲೂಯಿಸಿಯಾನದ ಕರಾವಳಿ ಕಳೆದುಕೊಂಡ ನೆಲ ಸುಮಾರು 4,833 ಚದರ ಕಿಲೋಮೀಟರು. 1932ರಲ್ಲಿದ್ದ ನೆಲದ ನಾಲ್ಕನೆಯ ಒಂದು ಪಾಲು! ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡ ಪ್ರದೇಶ ಒಬ್ಬ ಮನುಷ್ಯನ ಆಯುಷ್ಯದೊಳಗೆ ನೀರಾಗಿದೆ. ನೆರೆಯ ಪ್ಲಾಕಮಿನ್ ಪ್ರದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಕೊಲ್ಲಿ ತೊರೆಗಳ ಹೆಸರುಗಳನ್ನು ಸರ್ಕಾರ ಈ ಶತಮಾನದಲ್ಲಿ ನಕ್ಷೆಯಿಂದ ತೆಗೆದುಹಾಕಬೇಕಾಯಿತು. ದಡವಿಲ್ಲದ ಮೇಲೆ ಕೊಲ್ಲಿಯೆಲ್ಲಿ?

ಸಾಯುವ ನೆಲದ ಸಮೃದ್ಧಿ

ಮಧ್ಯಾಹ್ನದ ಹೊತ್ತಿಗೆ ಗೆಳೆಯರು ಹನ್ನೊಂದು ಮೀನು ಹಿಡಿದಿದ್ದರು. ನಾನು ಸಂತೋಷದಿಂದ, “ನೆಲ ಹೋದರೂ ಮೀನಿಗೆ ಕೊರತೆಯಿಲ್ಲವಲ್ಲ!” ಎಂದೆ. ಯಜಮಾನರು ಗಳವನ್ನು ಕೆಸರಿನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅದೇ ನೋಡಿ ಮೋಸ” ಎಂದರು. “ಮೀನು ಇರುವುದು ಹುಲ್ಲಿನ ಒಳಗಲ್ಲ, ಅಂಚಿನಲ್ಲಿ. ಒಂದು ರೊಟ್ಟಿಯನ್ನು ನೂರು ಚೂರು ಮಾಡಿದರೆ ಅಂಚು ಹೆಚ್ಚಾಗುತ್ತದೆ, ರೊಟ್ಟಿ ಹೆಚ್ಚಾಗುವುದಿಲ್ಲ.”

ವಿಜ್ಞಾನಿಗಳೂ 1980ರ ದಶಕದಲ್ಲಿ ಇದನ್ನೇ ಹೇಳಿದ್ದರು. ಜೌಗು ಒಡೆದು ಚೂರಾಗುತ್ತಿರುವಾಗ ನೀರು ಹುಲ್ಲುಗಳು ಕೂಡುವ ಅಂಚು ಬೆಳೆಯುತ್ತದೆ, ಸೀಗಡಿ ಹೆಚ್ಚುತ್ತದೆ, ಅದನ್ನು ತಿನ್ನುವ ಮೀನೂ ಹೆಚ್ಚುತ್ತದೆ. ಸರಿಸುಮಾರು ಅರ್ಧ ನೀರು ಅರ್ಧ ನೆಲವಾದಾಗ ಸಮೃದ್ಧಿ ತುತ್ತತುದಿಗೇರುತ್ತದೆ. ಆಮೇಲೆ ಚೂರುಗಳೂ ಕರಗಿ, ಅಂಚೂ ಹೋಗಿ, ಇಳಿಮುಖ. ಹಾಗಾದರೆ ನಾವು ಅಂದು ಕಂಡ ಐಶ್ವರ್ಯ ಬಡ್ಡಿಯಲ್ಲ, ಅಸಲು. ಹಳೆಯ ಮನೆಯ ತೊಲೆಗಳನ್ನು ಒಂದೊಂದಾಗಿ ಮಾರಿ ಹಬ್ಬ ಮಾಡಿದ ಹಾಗೆ.

ಮದ್ದಿಲ್ಲವೇ? ಇದೆ, ಆದರೆ ಕಹಿ. ಒಡ್ಡಿನಲ್ಲಿ ಬಾಗಿಲಿಟ್ಟು ನದಿಯ ನೀರನ್ನು ಮತ್ತೆ ಜೌಗಿಗೆ ಹರಿಸಬೇಕು. ಇತಿಹಾಸದ ವಿನೋದವೆಂದರೆ, 1927ರಲ್ಲಿ ಒಡ್ಡನ್ನು ಸಿಡಿಸಿದ ಕಾರ್ನಾರ್ವನ್ನಿನಲ್ಲಿಯೇ 1991ರಲ್ಲಿ ಅಂಥ ಒಂದು ಬಾಗಿಲನ್ನು ತೆರೆದರು. ಕಾಲಕ್ರಮದಲ್ಲಿ ಅದರ ಮುಂದಿನ ಕೊಳದಲ್ಲಿ ಹೊಸ ನೆಲ ಮೇಲೆದ್ದು ಗಿಡಗಳೂ ಬೆಳೆದವು. ಆದರೆ ಸಿಹಿನೀರು ನುಗ್ಗಿದ ಕಡೆ ಸಿಂಪಿಯ ಬೇಸಾಯಗಾರರು ನಷ್ಟಕ್ಕೊಳಗಾದರು. ಅವರು ಹೂಡಿದ ದಾವೆಯಲ್ಲಿ ಕೆಳಗಿನ ನ್ಯಾಯಾಲಯ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಿಸಿತ್ತು. 2004ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನದಿಯ ಆಚೆ ದಡದ ಬ್ಯಾರಟೇರಿಯ ಜೌಗಿಗಾಗಿ ಸುಮಾರು 300 ಕೋಟಿ ಡಾಲರಿನ ಇನ್ನೂ ದೊಡ್ಡ ಯೋಜನೆಯನ್ನು 2023ರಲ್ಲಿ ಪ್ರಾರಂಭಿಸಿದರು. ಖರ್ಚು ಏರಿತು, ಸೀಗಡಿ ಮತ್ತು ಸಿಂಪಿಯನ್ನು ನಂಬಿದವರ ವಿರೋಧವೂ ಏರಿತು. 2025ರ ಜುಲೈ ತಿಂಗಳಲ್ಲಿ ರಾಜ್ಯ ಅದನ್ನು ಕೈಬಿಟ್ಟಿತು.

ವಿರೋಧಿಸಿದವರನ್ನು ದೂರುವುದು ಸುಲಭ. ಆದರೆ 1927ರಲ್ಲಿ ‘ಎಲ್ಲರ ಹಿತಕ್ಕಾಗಿ’ ಎಂಬ ಮಾತು ಕೇಳಿ ಮುಳುಗಿದವರ ಮೊಮ್ಮಕ್ಕಳಿಗೆ ಅದೇ ಮಾತನ್ನು ಎರಡನೆಯ ಸಲ ನಂಬೆಂದು ಹೇಳುವುದು ಹೇಗೆ? ನಾಳಿನ ನೆಲಕ್ಕಾಗಿ ಇಂದಿನ ಅನ್ನವನ್ನು ಬಿಡಿ ಎನ್ನುವವರು, ಬಿಟ್ಟವರ ಅನ್ನಕ್ಕೆ ಹೊಣೆಯಾಗಬೇಕು. ಆ ಹೊಣೆಯನ್ನು ಹಿಂದೆ ಹೊತ್ತಿದ್ದರೆ ಇಂದು ಈ ಅಪನಂಬಿಕೆ ಇಷ್ಟು ಬೆಳೆಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

“ನೀವು ಯಾವ ಪಕ್ಷ?” ಎಂದು ಯಜಮಾನರನ್ನು ಕೇಳಿದೆ.

“ಸಿಹಿನೀರು ಬಿಟ್ಟರೆ ನನ್ನ ಕಸಬಿಗೆ ಹತ್ತು ವರ್ಷ ಕಷ್ಟ. ಬಿಡದಿದ್ದರೆ ನನ್ನ ಮೊಮ್ಮಗನಿಗೆ ಕಸಬೇ ಇಲ್ಲ. ನಾನು ಯಾವ ಪಕ್ಷವೆಂದು ದಿನಾ ಬೆಳಗ್ಗೆ ಬದಲಾಗುತ್ತದೆ” ಎಂದರು.

ಕೊನೆಯ ಮೀನು 30 ಅಂಗುಲ ತೂಗಿತು ಅಳತೆಯ ಹಲಗೆಯ ಮೇಲೆ, ಇಟ್ಟುಕೊಳ್ಳುವಂತಿಲ್ಲ. ಗೆಳೆಯರು ಅದರ ಬಾಲ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿ, ಉಸಿರು ಬಂದ ಮೇಲೆ ಬಿಟ್ಟರು. ಅದು ಬಾಲ ಬಡಿದು, ನಕ್ಷೆಯಲ್ಲಿ ಹಸಿರು ಹುಲ್ಲುಗಾವಲು ಎಂದು ಬರೆದಿದ್ದ ಜಾಗದೊಳಕ್ಕೆ ಈಜಿ ಹೋಯಿತು.